ಮುದಿ ಯಂತ್ರದ ನಾಡಿಪರೀಕ್ಷೆ

2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಬೇಸಗೆಯೆಂದರೆ ಬಿಸಿಲು ಮತ್ತು ಧೂಳು. ಮನೆಯ ಮೂಲೆಯ ಹಳೆಯ ಕಂಪ್ಯೂಟರಿಗೂ ಅವುಗಳ ಕಾಟ ತಪ್ಪಿದ್ದಲ್ಲ. ಗುಂಡಿ ಒತ್ತಿ, ಕಾಫಿ ಕುಡಿದು ಬಂದರೂ ಅದು ಕಣ್ಣು ತೆರೆಯದಾದಾಗ, “ವಯಸ್ಸಾಯಿತು, ಮಾರಿಬಿಡೋಣ” ಎಂಬ ಮಾತು ಹುಟ್ಟುತ್ತದೆ. ಆದರೆ ಮುಪ್ಪೆಂಬುದು ರೋಗದ ಹೆಸರಲ್ಲ. ಕಾರಣವನ್ನು ಬೇರೆಯೇ ಹುಡುಕಬೇಕು.

ವಿಂಡೋಸ್ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಯಂತ್ರದ ನಾಡಿ ಸಿಗುವುದು ಅಲ್ಲಿಯೇ. ಮೆಮೊರಿಯೆಂಬುದು ಬರೆಯುವ ಮೇಜು. ಡಿಸ್ಕ್ ಎಂಬುದು ಕಪಾಟು. ಮೇಜು ತುಂಬಿದರೆ ಪ್ರತಿ ಕಾಗದಕ್ಕೂ ಕಪಾಟಿಗೆ ಓಡಾಡಬೇಕು. ಬೇಡದ ಕಾರ್ಯಕ್ರಮಗಳನ್ನು ಮುಚ್ಚುವುದು, ಸಾಧ್ಯವಾದರೆ ಮೆಮೊರಿ ಹೆಚ್ಚಿಸುವುದು ಇದಕ್ಕೆ ಮದ್ದು.

ಮೆಮೊರಿ ಬಿಡುವಾಗಿದ್ದೂ ಡಿಸ್ಕ್ ಸದಾ 100 ಪ್ರತಿಶತ ತೋರಿಸಿದರೆ ದೋಷ ಕಪಾಟಿನದು. ಹಳೆಯ ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ; ಬೇಕಾದ ಅಕ್ಷರ ಸಿಗುವವರೆಗೆ ಯಂತ್ರ ಕಾಯಬೇಕು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿಸಿದರೆ ಅದೇ ಯಂತ್ರ ಚುರುಕಾಗುತ್ತದೆ.

ಮುಂಜಾನೆ ಚುರುಕು, ಮಧ್ಯಾಹ್ನ ಮಂದವೆಂದರೆ ಬಿಸಿಯನ್ನು ಶಂಕಿಸಬೇಕು. ಧೂಳಿನಿಂದ ಫ್ಯಾನಿನ ಉಸಿರು ಕಟ್ಟಿದಾಗ, ಕಾದುಹೋದ ಪ್ರೊಸೆಸರ್ ತನ್ನ ರಕ್ಷಣೆಗಾಗಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ವಿದ್ಯುತ್ ತಪ್ಪಿಸಿ ಧೂಳು ತೆಗೆಸಿದರೆ ಸಾಕಾದೀತು.

ಒಂದು ಎಚ್ಚರಿಕೆ: ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಕೇಳಿಬಂದರೆ ಚಿಕಿತ್ಸೆಯ ಮಾತು ಆಮೇಲೆ. ಮದುವೆಯ ಚಿತ್ರ, ಹೊಲದ ಪಹಣಿ, ಮಕ್ಕಳ ಅಂಕಪಟ್ಟಿಗಳನ್ನು ಮೊದಲು ಬೇರೆಡೆಗೆ ನಕಲು ಮಾಡಿಕೊಳ್ಳಬೇಕು. ಯಂತ್ರ ಅಂಗಡಿಯಲ್ಲಿ ಮತ್ತೆ ಸಿಕ್ಕೀತು, ಅವು ಸಿಗಲಾರವು.