ದಂಡಿನ ರಾತ್ರಿ, ಪೇಟೆಯ ರಾತ್ರಿ

ಕನ್ನಡದಲ್ಲಿ ‘ಹೋಟೆಲ್’ ಎಂದರೆ ಇಡ್ಲಿ, ವಡೆ, ಕಾಫಿ. ರಾತ್ರಿ ತಂಗುವ ಜಾಗಕ್ಕೆ ‘ಲಾಡ್ಜ್’ ಎಂದು ಹೆಸರು. ಈ ವ್ಯತ್ಯಾಸ ತಿಳಿಯದ ಪರಊರಿನವರು ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು ‘ಒಳ್ಳೆಯ ಹೋಟೆಲ್ ಎಲ್ಲಿದೆ?’ ಎಂದು ಕೇಳಿದರೆ ಆಟೋದವರು ದರ್ಶಿನಿಯ ಕಡೆಗೆ ಕೈತೋರಿಸಿದರೂ ಆಶ್ಚರ್ಯವಿಲ್ಲ. ಆದರೆ ಪ್ರವಾಸಿಯ ಎರಡನೆಯ ಪ್ರಶ್ನೆಗೆ ಉತ್ತರಿಸುವುದು ಊರಿನವರಿಗೂ ಅಷ್ಟು ಸುಲಭವಲ್ಲ. ಸಂಜೆ ಗದ್ದಲವಿಲ್ಲದೆ ಕೂತು ಒಂದು ಗ್ಲಾಸ್ ಬಿಯರ್ ಕುಡಿದು, ಊಟ ಮುಗಿಸಿ, ನಡೆದುಕೊಂಡೇ ಕೋಣೆಗೆ ಮರಳಬೇಕು. ಹಾಗಾದರೆ ಎಲ್ಲಿ ಉಳಿದುಕೊಳ್ಳಬೇಕು?

ಇದಕ್ಕೆ ಉತ್ತರ ಲಾಡ್ಜುಗಳ ದರಪಟ್ಟಿಯಲ್ಲಿ ಸಿಗುವುದಿಲ್ಲ, ಊರಿನ ಇತಿಹಾಸದಲ್ಲಿ ಸಿಗುತ್ತದೆ. ಬೆಂಗಳೂರಿನಲ್ಲಿ ಬಡವ, ಮಧ್ಯಮ ವರ್ಗದವ ತಂಗುವ ಜಾಗ ಒಂದು ದಿಕ್ಕಿನಲ್ಲಿ ಬೆಳೆಯಿತು. ಸಂಜೆ ಕಳೆಯುವ ಜಾಗ ಮತ್ತೊಂದು ದಿಕ್ಕಿನಲ್ಲಿ ಬೆಳೆಯಿತು. ಹಗಲಿನಲ್ಲಿ ಲೆಕ್ಕಕ್ಕೇ ಬಾರದ ಆ ನಾಲ್ಕೈದು ಕಿಲೋಮೀಟರ್ ಅಂತರ ಮಧ್ಯರಾತ್ರಿಯಾದ ಮೇಲೆ ಬಹಳ ದೊಡ್ಡದಾಗಿ ಕಾಣುತ್ತದೆ.

ಛತ್ರದಿಂದ ಲಾಡ್ಜಿಗೆ

ಬೆಂಗಳೂರು ಬಹುಕಾಲ ಒಂದು ಊರಾಗಿರಲಿಲ್ಲ. ಕೆಂಪೇಗೌಡರು 1537ರಲ್ಲಿ ಕಟ್ಟಿದರೆನ್ನುವ ಪೇಟೆ ಪಶ್ಚಿಮಕ್ಕೆ. 1809ರಲ್ಲಿ ಬ್ರಿಟಿಷರು ಸೈನ್ಯಕ್ಕಾಗಿ ಸ್ಥಾಪಿಸಿದ ದಂಡು ಪೂರ್ವಕ್ಕೆ. 1870ರ ಹೊತ್ತಿಗೆ ನಡುವೆ ಕಬ್ಬನ್ ಪಾರ್ಕ್ ಬಂತು. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿದರೂ ದಂಡು ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. ಅದು ಮೈಸೂರಿಗೆ ಸೇರಿದ್ದು 1947ರಲ್ಲಿ. ಎರಡೂ ಪುರಸಭೆಗಳು ಕೂಡಿ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ.

ಪೇಟೆಯ ಕಡೆ ಬರುತ್ತಿದ್ದವರು ವ್ಯಾಪಾರಿಗಳು, ಯಾತ್ರಿಕರು, ಕೋರ್ಟು ಕಚೇರಿಯ ಕೆಲಸದವರು. ಅವರಿಗೆ ಬೇಕಾಗಿದ್ದದ್ದು ಚಾಪೆ ಹಾಸಲು ಜಾಗ, ಬಾವಿಯ ನೀರು, ಮಡಿಯ ಊಟ. ಅದಕ್ಕಾಗಿ ದಾನಿಗಳು ಛತ್ರ ಕಟ್ಟಿಸಿದರು. ರೈಲು ನಿಲ್ದಾಣದ ಬಳಿಯ ಗುಬ್ಬಿ ತೋಟದಪ್ಪನವರ ಛತ್ರ ಇವುಗಳಲ್ಲಿ ಹೆಸರಾದದ್ದು. ಇಂದು ಲಾಡ್ಜುಗಳಿಂದ ತುಂಬಿರುವ ಗಾಂಧಿನಗರದ ಪ್ರಮುಖ ಬೀದಿಯ ಹೆಸರು ಸುಬೇದಾರ್ ಛತ್ರಂ ರಸ್ತೆ. ಛತ್ರದ ಸಂಪ್ರದಾಯ ಲಾಡ್ಜಿಗೆ ದಾಟಿದ ಕಥೆಯನ್ನು ಆ ಹೆಸರೇ ಹೇಳುತ್ತದೆ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಬಸ್ ನಿಲ್ದಾಣ ಬಂದ ಮೇಲೆ ರೈಲು, ಬಸ್ಸು, ಸಿನಿಮಾ ಮೂರೂ ಒಂದೇ ಕಡೆ ಸೇರಿದವು. ಸೆಕೆಂಡ್ ಷೋ ಬಿಟ್ಟ ಮೇಲೂ ಇಡ್ಲಿ, ಟೀ ಸಿಗುವ ಜಾಗವೆಂದು ಮೆಜೆಸ್ಟಿಕ್ ಪ್ರಸಿದ್ಧವಾಯಿತು.

ಸೈನಿಕನ ಬಾಯಾರಿಕೆ

ದಂಡಿನ ಕಥೆಯೇ ಬೇರೆ. ಬ್ರಿಗೇಡ್ ರಸ್ತೆ, ಇನ್‌ಫೆಂಟ್ರಿ ರಸ್ತೆ ಎಂಬ ಹೆಸರುಗಳಲ್ಲೇ ಅಲ್ಲಿ ಯಾರಿದ್ದರು ಎಂಬುದು ಗೊತ್ತಾಗುತ್ತದೆ. ಇಂದಿನ ಮಹಾತ್ಮ ಗಾಂಧಿ ರಸ್ತೆ ಆಗ ಕವಾಯತು ಮೈದಾನದ ಪಕ್ಕದ ಸೌತ್ ಪೆರೇಡ್. ಅಧಿಕಾರಿಗಳಿಗೆ 1868ರಲ್ಲಿ ಕ್ಲಬ್ ಬಂತು. ಅದೇ ಇಂದಿನ ಬೆಂಗಳೂರು ಕ್ಲಬ್. ಯುವ ಸೇನಾಧಿಕಾರಿ ವಿನ್‌ಸ್ಟನ್ ಚರ್ಚಿಲ್ ತೀರಿಸದೆ ಹೋದ 13 ರೂಪಾಯಿ ಬಾಕಿ ಅದರ ಲೆಕ್ಕದ ಪುಸ್ತಕದಲ್ಲಿ ಇಂದಿಗೂ ಇದೆ. 1887ರಲ್ಲಿ ಹೈಗ್ರೌಂಡ್ಸ್ ಬಳಿ ಹತ್ತು ಕೋಣೆಗಳ ಬೋರ್ಡಿಂಗ್ ಹೌಸ್ ಆಗಿ ಆರಂಭವಾದದ್ದೇ ಈಗಿನ ವೆಸ್ಟ್ ಎಂಡ್ ಹೋಟೆಲ್.

ಸಾಮಾನ್ಯ ಸಿಪಾಯಿಗಳಿಗೆ ಬೇಕಾಗಿದ್ದದ್ದು ಬಿಯರ್. ಅವರಿಗಾಗಿ ದಕ್ಷಿಣ ಭಾರತದಲ್ಲಿ ಹುಟ್ಟಿಕೊಂಡ ಐದು ಬ್ರೂವರಿಗಳನ್ನು ಸ್ಕಾಟ್ಲೆಂಡಿನ ಥಾಮಸ್ ಲೀಷ್‌ಮನ್ 1915ರಲ್ಲಿ ಕೂಡಿಸಿ ಯುನೈಟೆಡ್ ಬ್ರೂವರೀಸ್ ಸ್ಥಾಪಿಸಿದ. ಆಗ ಬಿಯರ್ ತುಂಬಿದ ಪೀಪಾಯಿಗಳು ಎತ್ತಿನ ಗಾಡಿಯ ಮೇಲೆ ಸಾಗುತ್ತಿದ್ದವು. 1947ರಲ್ಲಿ ಈ ಕಂಪನಿ ವಿಠಲ ಮಲ್ಯರ ಹಿಡಿತಕ್ಕೆ ಬರತೊಡಗಿತು. ಸೈನ್ಯ ಹೋದರೂ ಬಿಯರಿನ ಅಭ್ಯಾಸ ಊರಿನಲ್ಲೇ ಉಳಿಯಿತು.

1980ರ ದಶಕದ ನಡುವಿನಲ್ಲಿ ಚರ್ಚ್ ಸ್ಟ್ರೀಟ್, ಬ್ರಿಗೇಡ್ ರಸ್ತೆಯ ಸುತ್ತ ‘ಪಬ್’ಗಳು ಕಾಣಿಸಿಕೊಂಡಾಗ ಅವಕ್ಕೆ ಹೊಸ ನೆಲ ಹುಡುಕುವ ಅಗತ್ಯವೇ ಬೀಳಲಿಲ್ಲ. ಪೀಪಾಯಿಯಿಂದ ನೇರವಾಗಿ ಮಗ್‌ಗೆ ಇಳಿಯುವ ಬಿಯರ್, ಮರದ ಬೆಂಚು, ರಾಕ್ ಸಂಗೀತ, ಇಷ್ಟೇ ಬಂಡವಾಳ. ಮಂದ ಬೆಳಕಿನ ಬಾರ್‌ನಲ್ಲಿ ಬೆನ್ನು ತಿರುಗಿಸಿ ಕುಡಿಯುತ್ತಿದ್ದ ಊರು ಇಲ್ಲಿ ಎದುರುಬದುರು ಕೂತು ಮಾತನಾಡಲು ಕಲಿಯಿತು. ‘ಫ್ಯಾಮಿಲಿ ರೂಮ್’ನ ಪರದೆಯ ಹಿಂದೆ ಹೋಗದೆ ಹೆಣ್ಣುಮಕ್ಕಳೂ ಗೆಳೆಯರೊಡನೆ ಕೂರುವಂತಾದದ್ದು ಸಣ್ಣ ಬದಲಾವಣೆಯಲ್ಲ. ಅದನ್ನು ಎಲ್ಲರೂ ಒಪ್ಪಿದರು ಎಂದಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬೊಂದರಲ್ಲಿ ಯುವತಿಯರ ಮೇಲೆ ನಡೆದ ಹಲ್ಲೆಯನ್ನು ದೇಶವೇ ನೋಡಿತು.

ಬಾರಿನ ಮೇಲೆ ಕೋಣೆ ಏಕೆ?

ರಾಜ್ಯದ ಯಾವುದೇ ಪಟ್ಟಣದಲ್ಲಿ ‘ಬಾರ್ ಅಂಡ್ ರೆಸ್ಟೋರೆಂಟ್, ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಎಂಬ ಉದ್ದನೆಯ ಬೋರ್ಡು ಕಾಣುತ್ತದೆ. ಕುಡಿಯುವುದಕ್ಕೂ ಮಲಗುವುದಕ್ಕೂ ಈ ನಂಟು ಬೆಳೆದದ್ದರಲ್ಲಿ ಅಬಕಾರಿ ನಿಯಮದ ಕೈವಾಡವೂ ಇದೆ. ಕರ್ನಾಟಕದಲ್ಲಿ ಬಾಟಲಿ ಮಾರುವ ಅಂಗಡಿಗೆ ಸಿಎಲ್–2, ಬರೀ ಬಾರಿಗೆ ಸಿಎಲ್–9, ತಂಗುವ ಕೋಣೆಗಳುಳ್ಳ ಹೋಟೆಲಿಗೆ ಸಿಎಲ್–7 ಎಂಬ ಸನ್ನದು ಬೇಕು. 1992ರ ನಂತರ ದಶಕಗಳ ಕಾಲ ಅಂಗಡಿ ಮತ್ತು ಬಾರುಗಳಿಗೆ ಹೊಸ ಸನ್ನದು ಕೊಡುವುದನ್ನು ಸರ್ಕಾರ ನಿಲ್ಲಿಸಿತ್ತು. ಹಳೆಯ ಸನ್ನದು ಕೈ ಬದಲಾಯಿಸಬೇಕಾದರೆ ಭಾರಿ ಮೊತ್ತ ತೆರಬೇಕಿತ್ತು. ಆದರೆ ನಿಗದಿತ ಸಂಖ್ಯೆಯ ಕೋಣೆಗಳನ್ನು ಕಟ್ಟಿದವರಿಗೆ ಸಿಎಲ್–7ರ ಬಾಗಿಲು ತೆರೆದೇ ಇತ್ತು. ಹೀಗಾಗಿ ಬಾರ್ ನಡೆಸಬೇಕೆಂದವರೂ ಮೇಲೆ ಕೋಣೆ ಕಟ್ಟಿದರು.

ಪ್ರವಾಸಿಗೆ ಇದರಿಂದ ತಿಳಿಯಬೇಕಾದ ಪಾಠ ಸರಳ. ಬಾರ್ ಇರುವ ಲಾಡ್ಜುಗಳಲ್ಲಿ ಕೆಲವಕ್ಕೆ ಕೋಣೆ ಮುಖ್ಯ, ಕೆಲವಕ್ಕೆ ಬಾರ್ ಮುಖ್ಯ. ಎರಡನೆಯ ಬಗೆಯ ಕಡೆ ಹಾಸಿಗೆಯ ಚಾದರವೂ ಬಾಗಿಲ ಚಿಲಕವೂ ಮಾಲೀಕನ ಗಮನಕ್ಕೆ ಬರುವುದು ಕೊನೆಗೆ. ಮುಂಗಡ ಕೊಡುವ ಮೊದಲು ಹಗಲಿನಲ್ಲಿ ಒಮ್ಮೆ ಕೋಣೆ ನೋಡುವುದು, ಬಾರಿಗೂ ಲಾಡ್ಜಿಗೂ ಬೇರೆ ಬೇರೆ ಮೆಟ್ಟಿಲಿದೆಯೇ ಎಂದು ಗಮನಿಸುವುದು ಒಳ್ಳೆಯದು.

ನಡೆದು ಮರಳುವ ದೂರ

ಹಾಗಾದರೆ ಆಯ್ಕೆ ಹೇಗೆ? ಬೆಳಗಿನ ಜಾವದ ಬಸ್ಸು, ರೈಲು ಹಿಡಿಯಬೇಕಾದವರಿಗೆ ಮೆಜೆಸ್ಟಿಕ್‌ಗಿಂತ ಅನುಕೂಲದ ಜಾಗವಿಲ್ಲ. ಆದರೆ ಸಂಜೆಯೇ ಮುಖ್ಯವಾದರೆ ಬಾಡಿಗೆ ಸ್ವಲ್ಪ ಹೆಚ್ಚಾದರೂ ದಂಡಿನ ಕಡೆಯೇ ಸರಿ. ಚರ್ಚ್ ಸ್ಟ್ರೀಟ್ ಒಂದು ಕಿಲೋಮೀಟರಿಗೂ ಕಡಿಮೆ ಉದ್ದದ ಬೀದಿ. ಅಷ್ಟರಲ್ಲೇ ಪುಸ್ತಕದಂಗಡಿ, ಕಾಫಿ, ಪಬ್, ಊಟ ಎಲ್ಲವೂ ಇವೆ. 2018ರಲ್ಲಿ ಕಲ್ಲು ಹಾಸಿದ ಮೇಲೆ ಪಾದಚಾರಿಗೂ ಹಿತವಾಗಿದೆ. ರೆಸಿಡೆನ್ಸಿ ರಸ್ತೆ, ಇನ್‌ಫೆಂಟ್ರಿ ರಸ್ತೆಗಳ ವಸತಿಗೃಹಗಳಿಂದ ಅಲ್ಲಿಗೆ ನಡೆದೇ ಹೋಗಬಹುದು.

ಮೂರನೆಯ ಆಯ್ಕೆ ಇಂದಿರಾನಗರ. ವಾಸದ ಬಡಾವಣೆಯಾಗಿ ಹುಟ್ಟಿದ ಇದು 2008ರ ತನಕ ಎಚ್‌ಎಎಲ್ ವಿಮಾನ ನಿಲ್ದಾಣಕ್ಕೆ ನೆರೆಯಾಗಿತ್ತು. 2010ರ ಆಸುಪಾಸಿನಲ್ಲಿ ತಮ್ಮಲ್ಲೇ ಬಿಯರ್ ತಯಾರಿಸುವ ಮೈಕ್ರೋಬ್ರೂವರಿಗಳಿಗೆ ಅನುಮತಿ ಸಿಕ್ಕ ಮೇಲೆ 100 ಅಡಿ ರಸ್ತೆಯ ಚಹರೆಯೇ ಬದಲಾಯಿತು. 2011ರ ಅಕ್ಟೋಬರಿನಲ್ಲಿ ಮಹಾತ್ಮ ಗಾಂಧಿ ರಸ್ತೆಯಿಂದ ಬೈಯಪ್ಪನಹಳ್ಳಿಗೆ ಹೊರಟ ಮೊದಲ ಮೆಟ್ರೋ ಇಂದಿರಾನಗರದ ಮೂಲಕವೇ ಸಾಗಿತು. ಆದರೆ ಒಂದು ತೊಡಕಿದೆ. ಮೊದಲು ಹನ್ನೊಂದೂವರೆಗೆ ಮುಚ್ಚಬೇಕಿದ್ದ ಬಾರುಗಳಿಗೆ 2014ರಲ್ಲಿ ವಾರಾಂತ್ಯದಲ್ಲಿ, 2016ರಲ್ಲಿ ವಾರದ ಎಲ್ಲ ದಿನವೂ ರಾತ್ರಿ 1ರ ತನಕ ಅವಕಾಶ ದೊರೆಯಿತು. ಮೆಟ್ರೋ ಮಾತ್ರ ಅದಕ್ಕೆ ಬಹಳ ಮೊದಲೇ ಮಲಗುತ್ತದೆ.

ಈ ನಡುವಿನ ಹೊತ್ತೇ ಅಪಾಯದ್ದು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದು ವಾಹನ ಓಡಿಸಿದರೆ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲು. ದಂಡ ಕಟ್ಟಬಹುದು, ರಸ್ತೆಯಲ್ಲಿ ಹೋದ ಜೀವ ಬಾರದು. ಒಂಟಿಯಾಗಿ ಬಂದ ಹೆಣ್ಣುಮಗಳಿಗಂತೂ ಬೆಳಕಿರುವ, ಜನ ಓಡಾಡುವ ಬೀದಿಯಲ್ಲಿ ಹತ್ತು ನಿಮಿಷ ನಡೆದರೆ ಸಿಗುವ ಕೋಣೆ ಸೌಕರ್ಯದ ಮಾತಲ್ಲ, ಸುರಕ್ಷತೆಯ ಮಾತು.

ಗೋಡೆಯಾಚೆಯ ನಿದ್ದೆ

ರಾತ್ರಿಜೀವನಕ್ಕೆ ಇನ್ನೊಂದು ಮಗ್ಗುಲೂ ಇದೆ. 2000ದ ಶಬ್ದಮಾಲಿನ್ಯ ನಿಯಮದಂತೆ ವಾಸದ ಪ್ರದೇಶದಲ್ಲಿ ರಾತ್ರಿ 10ರ ನಂತರ ಶಬ್ದದ ಮಿತಿ 45 ಡೆಸಿಬೆಲ್, ವಾಣಿಜ್ಯ ಪ್ರದೇಶದಲ್ಲಿ 55. ಇಂದಿರಾನಗರ, ಕೋರಮಂಗಲಗಳಲ್ಲಿ ಇವೆರಡರ ನಡುವೆ ಇರುವುದು ಕೆಲವೊಮ್ಮೆ ಒಂದು ಕಾಂಪೌಂಡ್ ಗೋಡೆ ಮಾತ್ರ. ನಿವೃತ್ತಿಯ ನೆಮ್ಮದಿಗೆಂದು ಮನೆ ಕಟ್ಟಿಸಿದ ಹಿರಿಯರು, ಪರೀಕ್ಷೆಗೆ ಓದುವ ಮಕ್ಕಳು ದೂರು ಕೊಟ್ಟರೆ ಅದನ್ನು ಹಳೆಯ ಕಾಲದವರ ಗೊಣಗಾಟ ಎನ್ನಲಾಗದು. ಸಂಗೀತ ಕಾರ್ಯಕ್ರಮಗಳಿಗೆ ಪೊಲೀಸ್ ಪರವಾನಗಿ ಬೇಕೆಂಬ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ ಹಲವು ಪಬ್ಬುಗಳ ವೇದಿಕೆ ಮೌನವಾಯಿತು. ಅದರಿಂದ ಅನ್ನ ಕಳೆದುಕೊಂಡ ವಾದ್ಯಗಾರರೂ ಇದೇ ಊರಿನವರು.

ಈ ರಾತ್ರಿಯನ್ನು ನಂಬಿ ಬದುಕುವವರು ಎಷ್ಟು ಎಂಬುದು 2017ರಲ್ಲಿ ಎದ್ದು ಕಂಡಿತು. ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯ ಮಾರಬಾರದೆಂಬ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಆ ಜುಲೈನಲ್ಲಿ ಮಹಾತ್ಮ ಗಾಂಧಿ ರಸ್ತೆ, ಬ್ರಿಗೇಡ್ ರಸ್ತೆಗಳ ಸುತ್ತಲಿನ ಅನೇಕ ಬಾರುಗಳು ಬಾಗಿಲು ಹಾಕಿದವು. ನಗರದೊಳಗಿನ ರಸ್ತೆಗೆ ಅದು ಅನ್ವಯಿಸದೆಂದು ಕೋರ್ಟ್ ಸ್ಪಷ್ಟಪಡಿಸಿದ ಮೇಲಷ್ಟೇ ಅವು ಮತ್ತೆ ತೆರೆದವು. ಆವರೆಗೆ ಕೆಲಸವಿಲ್ಲದೆ ಕೂತವರಲ್ಲಿ ಸಪ್ಲೈಯರ್, ಅಡುಗೆಯವ, ಪಾತ್ರೆ ತೊಳೆಯುವಾಕೆ ಎಲ್ಲರೂ ಇದ್ದರು.

ಆದ್ದರಿಂದ ಜಾಣ ಪ್ರವಾಸಿ ಪಬ್ ಇರುವ ಬೀದಿಯಲ್ಲಿ ಕೋಣೆ ಹಿಡಿಯುವುದಿಲ್ಲ. ಅದರ ಹಿಂದಿನ ಬೀದಿಯಲ್ಲಿ ಹಿಡಿಯುತ್ತಾನೆ. ರಸ್ತೆಗೆ ತೆರೆಯದ ಕಿಟಕಿಯ ಕೋಣೆ ಕೇಳುತ್ತಾನೆ. ನಿದ್ದೆ ಬಾರದಿದ್ದರೆ ಮರುದಿನ ಅವನು ಲಾಡ್ಜ್ ಬದಲಿಸಬಹುದು. ಅದೇ ಬೀದಿಯಲ್ಲಿ ಸ್ವಂತ ಮನೆ ಇರುವವರಿಗೆ ಆ ಅನುಕೂಲವಿಲ್ಲ. ರಾತ್ರಿ ಒಂದು ಗಂಟೆಗೆ ಕೋಣೆಗೆ ಮರಳುವಾಗ ದನಿ ತಗ್ಗಿಸಿ ಮಾತನಾಡುವುದು ಅವರಿಗೆ ತೋರಿಸಬಹುದಾದ ಕನಿಷ್ಠ ಸೌಜನ್ಯ.