ರಾಯದುರ್ಗಕ್ಕೆ ಬಂದವರು ಎಲ್ಲಿ ಇಳಿದುಕೊಳ್ಳಬೇಕು?

ನಮ್ಮ ಮನೆಗಳಲ್ಲಿ ಅತಿಥಿಸತ್ಕಾರವು ಆರಂಭವಾಗುವುದೇ ನೀರಿನಿಂದ. ಬಂದವರ ಕಾಲಿಗೆ ಒಂದು ತಂಬಿಗೆ ನೀರು, ಬಾಯಾರಿಕೆಗೆ ಬೆಲ್ಲದ ಚೂರಿನೊಡನೆ ಒಂದು ಲೋಟ ನೀರು, ಕುಶಲಪ್ರಶ್ನೆಯೆಲ್ಲ ಆಮೇಲೆ. ನೀರು ಹೇರಳವಾಗಿರುವ ಸೀಮೆಯಲ್ಲಿ ಇದು ಉಪಚಾರ. ನೀರಿಗೆ ಕಷ್ಟವಿರುವ ಸೀಮೆಯಲ್ಲಿ ಇದೇ ದಾನ. ಮದುವೆಗೋ ಗೃಹಪ್ರವೇಶಕ್ಕೋ, ಕೋಟೆ-ಗುಡಿಗಳನ್ನು ನೋಡುವುದಕ್ಕೋ ರಾಯದುರ್ಗ, ಮಡಕಶಿರಾಗಳಿಗೆ ಬರುವವರು ಎಲ್ಲಿ ಇಳಿದುಕೊಳ್ಳೋಣವೆಂದು ಯೋಚಿಸುವಾಗ ಈ ವ್ಯತ್ಯಾಸವನ್ನು ಮರೆಯಬಾರದು.

ಆಂಧ್ರಪ್ರದೇಶದ ನೈರುತ್ಯ ಮೂಲೆಯಲ್ಲಿರುವ ಈ ನೆಲ ಮಳೆಯ ಎರಡು ಬಾಗಿಲುಗಳಿಂದಲೂ ದೂರವಾದದ್ದು. ಮುಂಗಾರಿನ ಮೋಡಗಳು ಪಶ್ಚಿಮ ಘಟ್ಟಗಳಲ್ಲಿಯೇ ಬಹುಪಾಲು ಬರಿದಾಗಿ ಬರುತ್ತವೆ. ಹಿಂಗಾರು ಪೂರ್ವ ಕರಾವಳಿಯಿಂದ ಇಷ್ಟು ದೂರ ಬರುವಷ್ಟರಲ್ಲಿ ಸೊರಗುತ್ತದೆ. ಅನಂತಪುರ ಸೀಮೆಯ ವರ್ಷದ ಸರಾಸರಿ ಮಳೆ ಸುಮಾರು 550 ಮಿಲಿಮೀಟರು ಮಾತ್ರ. ರಾಯದುರ್ಗದ ಕಡೆಯ ಕಣೇಕಲ್ಲು, ಬೊಮ್ಮನಹಾಳುಗಳಲ್ಲಿ ವೇದಾವತಿಯ, ಅಂದರೆ ನಮ್ಮ ಹಗರಿಯ, ಪಾತ್ರದಿಂದ ಮರಳನ್ನು ಗಾಳಿಯು ಹೊತ್ತು ತಂದು ಹೊಲಗಳಲ್ಲಿ ದಿಬ್ಬ ದಿಬ್ಬವಾಗಿ ಸುರಿದಿದೆ. ಮರುಭೂಮಿಯೆಂದರೆ ರಾಜಸ್ಥಾನವೆಂದೇ ತಿಳಿದವರು ಒಮ್ಮೆ ಅಲ್ಲಿ ನಿಂತು ನೋಡಬೇಕು.

ಈ ಊರುಗಳಲ್ಲಿ ನಮ್ಮವರಿಗೆ ನೆಂಟರಿಗೇನು ಕೊರತೆ? 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದಾಗ ರಾಯದುರ್ಗ ತಾಲ್ಲೂಕು ಆಂಧ್ರಕ್ಕೆ ಸೇರಿ ಅನಂತಪುರ ಜಿಲ್ಲೆಯ ಭಾಗವಾಯಿತು. ತುಮಕೂರು ಜಿಲ್ಲೆಯ ತಾಲ್ಲೂಕುಗಳ ನಡುವೆ ಚಾಚಿಕೊಂಡಿರುವ ಮಡಕಶಿರಾ ಅದಕ್ಕೂ ಮೊದಲಿನಿಂದಲೇ ಅನಂತಪುರಕ್ಕೆ ಸೇರಿತ್ತು. 2022ರಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಗಡಿಗಳು ಬದಲಾದವು, ಹೆಣ್ಣು ಕೊಟ್ಟು ತರುವ ಸಂಬಂಧಗಳು ಬದಲಾಗಲಿಲ್ಲ. ಆದ್ದರಿಂದ ಇಲ್ಲಿಗೆ ಬರುವ ಕನ್ನಡಿಗನ ಮೊದಲ ಆಲೋಚನೆ ನೆಂಟರ ಮನೆಯೇ.

ಒಂದು ಬೇಸಿಗೆಯಲ್ಲಿ ನಾವು ಎಂಟು ಜನ ಈ ಸೀಮೆಯ ಒಂದು ಮನೆಗೆ ಹಾಗೆಯೇ ಹೋಗಿ ಇಳಿದೆವು. ಹಂಡೆಯ ತುಂಬ ಬಿಸಿನೀರು ಕಾದಿತ್ತು. ಪ್ರಯಾಣದ ಧೂಳು ಹೋಗಲೆಂದು ಎಲ್ಲರೂ ಧಾರಾಳವಾಗಿ ಸ್ನಾನ ಮಾಡಿದೆವು. ಮಕ್ಕಳಂತೂ ಬಕೆಟ್ಟಿನ ಮೇಲೆ ಬಕೆಟ್ಟು ಸುರಿದುಕೊಂಡರು. ಮರುದಿನ ನಸುಕಿನಲ್ಲಿ ಎಚ್ಚರವಾದಾಗ, ಮನೆಯ ಹಿರಿಯಾಕೆ ಸೊಂಟದಲ್ಲೊಂದು ಕೈಯಲ್ಲೊಂದು ಕೊಡ ಹಿಡಿದು ಬೀದಿಯ ತುದಿಯಿಂದ ಬರುತ್ತಿದ್ದರು. ನಾವು ಒಂದು ಸಂಜೆಯಲ್ಲಿ ಮುಗಿಸಿದ್ದು ಆ ಮನೆಯ ಮೂರು ದಿನದ ನೀರು. "ಯಾಕತ್ತೆ, ಒಂದು ಮಾತು ಹೇಳಬಾರದಿತ್ತೇ?" ಎಂದು ಕೇಳಿದೆವು. "ಬಂದೋರಿಗೆ ನೀರು ಎಣಿಸಿ ಕೊಡಕ್ಕಾಗುತ್ತೇನಪ್ಪ?" ಎಂದು ನಕ್ಕುಬಿಟ್ಟರು. ಆ ನಗುವಿನ ಎದುರಿಗೆ ನಾವು ತಲೆ ಎತ್ತಲಾರದೆ ಹೋದೆವು.

ಅಂದಿನಿಂದ ನಾವು ಪಾಲಿಸುತ್ತಿರುವ ಕ್ರಮವಿದು. ಒಬ್ಬಿಬ್ಬರಾದರೆ ನೆಂಟರ ಮನೆ. ಗುಂಪಾದರೆ ಊರೊಳಗಿನ ವಸತಿಗೃಹ ಅಥವಾ ಕಲ್ಯಾಣಮಂಟಪ. ಬಾಡಿಗೆ ಕೊಡುವ ಮೊದಲು ಗೋಡೆಯ ಬಣ್ಣವನ್ನು ನೋಡದೆ ನಲ್ಲಿಯನ್ನು ತಿರುಗಿಸಿ ನೋಡಬೇಕು. ನೀರು ಎಷ್ಟು ಹೊತ್ತಿಗೆ ಬರುತ್ತದೆ, ಕೊಠಡಿಯ ಮೇಲೆ ಬರಿಯ ತಾರಸಿಯೇ ಇನ್ನೊಂದು ಅಂತಸ್ತು ಇದೆಯೇ ಎಂದು ಕೇಳಬೇಕು. ಹಗಲೆಲ್ಲ ಕಾದ ತಾರಸಿಯ ಕೆಳಗಿನ ಕೊಠಡಿಯು ಏಪ್ರಿಲ್, ಮೇ ತಿಂಗಳುಗಳಲ್ಲಿ ನಡುರಾತ್ರಿಯವರೆಗೂ ಒಲೆಯಂತಿರುತ್ತದೆ. ಕುಡಿಯಲು ಶುದ್ಧೀಕರಿಸಿದ ನೀರೇ ಲೇಸು. ಈ ಸೀಮೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು.

ಸುಮಾರು 50 ಕಿಲೋಮೀಟರು ದೂರದ ಬಳ್ಳಾರಿಯಲ್ಲಿ ಇಳಿದುಕೊಂಡು, ಬೆಳಿಗ್ಗೆ ರೈಲಿನಲ್ಲೋ ಬಸ್ಸಿನಲ್ಲೋ ರಾಯದುರ್ಗಕ್ಕೆ ಬಂದು ಸಂಜೆಗೆ ಮರಳುವವರೂ ಉಂಟು. ಅನುಕೂಲವೇನೋ ಹೌದು. ಆದರೆ ರಾಯದುರ್ಗವನ್ನು ನೋಡಬೇಕಾದುದು ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ. ಬಂಡೆಗಲ್ಲಿನ ಬೆಟ್ಟದ ಕೋಟೆಯನ್ನು ಬಿಸಿಲೇರುವ ಮುನ್ನವೇ ಹತ್ತಿ ಇಳಿಯಬೇಕು. ಹೊತ್ತಾರೆ ಚಿಕ್ಕ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ ತಿನ್ನುತ್ತ, ಪಕ್ಕದವನು ಅದನ್ನೇ ಉಗ್ಗಾಣಿ ಎಂದು ಕರೆಯುವುದನ್ನು ಕೇಳುತ್ತ ಕುಳಿತರೆ ಈ ಊರು ಎರಡು ನುಡಿಗಳಲ್ಲಿ ಹೇಗೆ ಬದುಕುತ್ತಿದೆಯೆಂಬುದು ತಿಳಿಯುತ್ತದೆ. ರಾತ್ರಿ ಉಳಿಯದವರಿಗೆ ಇದು ದಕ್ಕದು.

ಮಡಕಶಿರಾದ ನೆಲ ರಾಯದುರ್ಗಕ್ಕಿಂತ ತುಸು ಎತ್ತರ. ಅಲ್ಲಿಯ ರಾತ್ರಿಗಳು ಅಷ್ಟೊಂದು ಬೇಯಿಸುವುದಿಲ್ಲ. ರೈಲಿನಲ್ಲಿ ಹಿಂದೂಪುರಕ್ಕೆ ಬಂದು, ಅಲ್ಲಿಂದ ಸುಮಾರು 35 ಕಿಲೋಮೀಟರು ಬಸ್ಸಿನಲ್ಲಿ ಹೋಗಬಹುದು. ಲೇಪಾಕ್ಷಿಯನ್ನೂ ನೋಡುವವರಿಗೆ ಹಿಂದೂಪುರದ ವಾಸ್ತವ್ಯವೇ ಅನುಕೂಲ. ಹೇಮಾವತಿಗೆ ಹೋಗುವವರು ಮಾತ್ರ ಮಡಕಶಿರಾದಲ್ಲಿಯೇ ಉಳಿಯಲಿ. ನೊಳಂಬರ ರಾಜಧಾನಿ ಹೆಂಜೇರು ಅದು. ಅಲ್ಲಿಯ ಎಷ್ಟೋ ಶಿಲ್ಪಗಳು ಈಗ ಚೆನ್ನೈನ ವಸ್ತುಸಂಗ್ರಹಾಲಯದಲ್ಲಿವೆ. ಉಳಿದಿರುವ ದೊಡ್ಡೇಶ್ವರ, ಸಿದ್ಧೇಶ್ವರ ಗುಡಿಗಳನ್ನಾದರೂ ಅವಸರವಿಲ್ಲದೆ ನೋಡಬೇಕು. ಕೊನೆಯ ಬಸ್ಸಿನ ಹೊತ್ತನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು.

ಬರುವುದಕ್ಕೆ ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರವರಿಯವರೆಗೆ. ಮುಂಗಾರಿನ ಗಾಳಿಯ ತಿಂಗಳುಗಳಲ್ಲಿ ಕಣೇಕಲ್ಲಿನ ಕಡೆ ಮಾಳಿಗೆಯ ಮೇಲೆ ಮಲಗುವ ಆಸೆ ಬೇಡ. ಹಾಸಿಗೆಯ ತುಂಬ ಮರಳು.

ವಸತಿಗೃಹದಲ್ಲಿ ಇಳಿದುಕೊಂಡರೆ ನೆಂಟರು ಮುನಿಸಿಕೊಳ್ಳುತ್ತಾರೆಂಬ ಅಳುಕು ಅನೇಕರಿಗೆ. ಅದು ನಿಜವೂ ಹೌದು. ಆಡಳಿತದ ಭಾಷೆ ತೆಲುಗಾಗಿರುವ ಊರಿನಲ್ಲಿ, ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸುತ್ತಿರುವ ಮನೆಗೆ ಆಚೆಯ ಕನ್ನಡದ ನೆಂಟರು ಬರುವುದೆಂದರೆ ಬರಿಯ ಊಟ ಉಪಚಾರದ ಮಾತಲ್ಲ. ತಮ್ಮನ್ನು ಮರೆತಿಲ್ಲವೆಂಬ ಧೈರ್ಯ ಅವರಿಗೆ ಬೇಕು. ಆದುದರಿಂದ ಸ್ನಾನ, ನಿದ್ರೆ ಎಲ್ಲಿಯೇ ಆಗಲಿ, ಒಂದು ಹೊತ್ತಿನ ಊಟವನ್ನು ಅವರ ಮನೆಯಲ್ಲಿಯೇ ಮಾಡಬೇಕು. ಜಗಲಿಯಲ್ಲಿ ಕುಳಿತು ಸಾವಕಾಶವಾಗಿ ಮಾತಾಡಬೇಕು.

ಹೊರಡುವ ಮುನ್ನ ಪತ್ರದಲ್ಲೋ ಫೋನಿನಲ್ಲೋ ನಾವು ಈಗ ಮೊದಲು ಕೇಳುವ ಪ್ರಶ್ನೆ "ನಿಮ್ಮಲ್ಲಿ ಈಗ ನೀರು ಹೇಗಿದೆ?" ಎಂಬುದು. "ಬೇಕಾದಷ್ಟಿದೆ, ಬನ್ನಿ" ಎಂದೇ ಅತ್ತೆ ಹೇಳುತ್ತಾರೆ. ಆ ಮಾತನ್ನು ಸಂತೋಷದಿಂದ ಕೇಳುತ್ತೇವೆ, ಆದರೆ ಹೋದಾಗ ಒಂದೇ ಬಕೆಟ್ಟು ನೀರಿನಲ್ಲಿ ಸ್ನಾನ ಮುಗಿಸುತ್ತೇವೆ.