ಮೇಣದಬತ್ತಿಯಿಂದ ಹುತ್ತದವರೆಗೆ

1860ರ ಕ್ರಿಸ್‌ಮಸ್ ರಜೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಸಭಾಂಗಣದಲ್ಲಿ ಮಕ್ಕಳು ಸೇರಿದ್ದರು. 69 ವರ್ಷದ ವಿಜ್ಞಾನಿ ಮೈಕೇಲ್ ಫ್ಯಾರಡೆ ಆ ಮಕ್ಕಳಿಗೆ ಆರು ಉಪನ್ಯಾಸ ಕೊಟ್ಟರು. ಆರಕ್ಕೂ ವಸ್ತು ಒಂದೇ: ಉರಿಯುವ ಮೇಣದಬತ್ತಿ. ಫ್ಯಾರಡೆಯ ಮಾತನ್ನು ಸಂಪಾದಿಸಿ ವಿಲಿಯಂ ಕ್ರೂಕ್ಸ್ 1861ರಲ್ಲಿ ಪುಸ್ತಕ ಮಾಡಿದರು. ಮಕ್ಕಳಿಗೆ ವಿಜ್ಞಾನ, ಇತಿಹಾಸ, ಪರಿಸರದ ಬಗ್ಗೆ ಬರೆಯಬೇಕೆನ್ನುವವರು ಮೊದಲು ಓದಬೇಕಾದದ್ದು ಈ ಪುಸ್ತಕ ಎಂದು ನಾನು ನಂಬಿದ್ದೇನೆ.

ಅದರಲ್ಲಿ ಫ್ಯಾರಡೆ ಯಾವುದನ್ನೂ ತೀರ್ಪಿನಂತೆ ಹೇಳುವುದಿಲ್ಲ. ಬತ್ತಿಯನ್ನು ಆರಿಸುತ್ತಾರೆ, ಮೇಲೇಳುವ ಹೊಗೆಗೆ ಬೆಂಕಿ ತಾಗಿಸುತ್ತಾರೆ. ಜ್ವಾಲೆ ಹೊಗೆಯ ಎಳೆ ಹಿಡಿದು ಇಳಿದು ಬತ್ತಿಗೆ ಹತ್ತಿಕೊಳ್ಳುತ್ತದೆ. ಹಾಗಾದರೆ ಉರಿಯುವುದು ಮೇಣದ ಆವಿ ಎಂದಾಯಿತು. ಜ್ವಾಲೆಯ ಮೇಲೆ ತಣ್ಣನೆಯ ಪಾತ್ರೆ ಹಿಡಿದರೆ ತಳದಲ್ಲಿ ನೀರ ಹನಿ ಕಟ್ಟುತ್ತದೆ. ಬೆಂಕಿಯಿಂದ ನೀರು ಹೇಗೆ ಬಂತು? ಈ ಪ್ರಶ್ನೆಯ ಬೆನ್ನು ಹತ್ತಿ ಜಲಜನಕ, ಆಮ್ಲಜನಕಗಳು ಒಳಗೆ ಬರುತ್ತವೆ. ಬತ್ತಿ ಉರಿದಾಗ ಬರುವ ಅನಿಲ ಸುಣ್ಣದ ತಿಳಿನೀರನ್ನು ಹಾಲಿನಂತೆ ಬಿಳುಪಾಗಿಸುತ್ತದೆ. ನಮ್ಮ ಉಸಿರೂ ಹಾಗೇ ಮಾಡುತ್ತದೆ. ಕೊನೆಗೆ ಮಗುವಿನ ಮೈಯೊಳಗೂ ಒಂದು ಬಗೆಯ ದಹನ ನಡೆದಿದೆ ಎಂಬಲ್ಲಿಗೆ ಮಾತು ತಲುಪುತ್ತದೆ. ತಿಳಿದ ಸಂಗತಿಗಿಂತ ಅದನ್ನು ತಿಳಿದುಕೊಂಡ ದಾರಿಯೇ ಇಲ್ಲಿ ಕಥೆ.

ಫ್ಯಾರಡೆಗೆ ಈ ದಾರಿ ತೋರಿದ್ದೂ ಒಂದು ಪುಸ್ತಕವೇ. ಕಮ್ಮಾರನ ಮಗನಾದ ಅವರು ಹುಡುಗನಾಗಿದ್ದಾಗ ಬೈಂಡಿಂಗ್ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದರು. ಅಲ್ಲಿ ಕೈಗೆ ಸಿಕ್ಕಿದ್ದು ಜೇನ್ ಮಾರ್ಸೆಟ್ ಬರೆದ ರಸಾಯನಶಾಸ್ತ್ರದ ಪುಸ್ತಕ. ಒಬ್ಬ ಶಿಕ್ಷಕಿ ಮತ್ತು ಇಬ್ಬರು ಹುಡುಗಿಯರ ಸಂಭಾಷಣೆಯಾಗಿ ಬರೆದದ್ದು. ಹುಡುಗ ತನ್ನ ಕೈಲಾದ ಪುಟ್ಟ ಪ್ರಯೋಗಗಳಿಂದ ಅದನ್ನು ಪರೀಕ್ಷಿಸಿ ನೋಡಿದ. ಪುಸ್ತಕ ಸುಳ್ಳು ಹೇಳಿರಲಿಲ್ಲ. ಮುಂದೆ ದೊಡ್ಡ ವಿಜ್ಞಾನಿಯಾದ ಮೇಲೂ ಫ್ಯಾರಡೆ ಆಕೆಯನ್ನು ತಮ್ಮ ಮೊದಲ ಗುರುವೆಂದೇ ನೆನೆದರು.

ಮಕ್ಕಳಿಗಾಗಿ ಬರೆಯುವ ಈ ಕೆಲಸಕ್ಕೆ ಕನ್ನಡದಲ್ಲಿ ದೊಡ್ಡ ಹಿರಿಯರಿದ್ದಾರೆ. ಪುತ್ತೂರಿನಲ್ಲಿದ್ದ ಶಿವರಾಮ ಕಾರಂತರು 1936ರಲ್ಲೇ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಹೊರತಂದರು. ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ ಬಂತು. 1978ರಲ್ಲಿ ‘ಬಾಲವಿಜ್ಞಾನ’ ಮಾಸಪತ್ರಿಕೆ ಶುರುವಾಯಿತು. ಈಗ ಪುಸ್ತಕದಂಗಡಿಯ ಮಕ್ಕಳ ಕಪಾಟು ತಡಕಿದರೆ ಹೆಚ್ಚಾಗಿ ಸಿಗುವುದು ಕ್ವಿಜ್ ಪುಸ್ತಕಗಳು, ಮಹಾಪುರುಷರ ಕಿರುಚರಿತ್ರೆಗಳು. ಅತಿ ಎತ್ತರದ ಪರ್ವತ, ಅತಿ ಉದ್ದದ ನದಿ ಯಾವುದೆಂದು ಬಾಯಿಪಾಠ ಮಾಡಿದ ಮಗುವಿಗೆ ಪರ್ವತದ ಎತ್ತರ ಅಳೆದದ್ದು ಹೇಗೆ ಎಂದು ಯಾರೂ ಹೇಳಿರುವುದಿಲ್ಲ. ನನಗೆ ನಿಜಕ್ಕೂ ನೋವಾಗುವುದು ಇಲ್ಲೇ.

ಬರೆಯುವವರು ದೂರ ಹೋಗಬೇಕಿಲ್ಲ. ಊರಾಚೆಯ ಹುತ್ತವನ್ನೇ ತೆಗೆದುಕೊಳ್ಳಿ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆ ಎಂಬ ಗಾದೆ ಮಗುವಿಗೆ ಗೊತ್ತು. ನಾಗರಪಂಚಮಿಯಂದು ಅಜ್ಜಿ ಹಾಲೆರೆಯುವುದನ್ನೂ ಅದು ಕಂಡಿದೆ. ಪುಸ್ತಕ ಅಲ್ಲಿಂದಲೇ ಹೊರಡಬಹುದು. ಅಷ್ಟು ಸಣ್ಣ ಹುಳು ಅಷ್ಟು ಗಟ್ಟಿ ಗೋಡೆ ಎಬ್ಬಿಸಿದ್ದು ಹೇಗೆ? ಮಣ್ಣಿಗೆ ಜೊಲ್ಲು ಬೆರೆಸಿ. ಒಳಗೆ ಏನು ತಿನ್ನುತ್ತದೆ? ಕೆಲವು ಜಾತಿಯ ಗೆದ್ದಲುಗಳು ತರಗೆಲೆ, ಕಟ್ಟಿಗೆ ತಂದು ನೆಲದೊಳಗೆ ಶಿಲೀಂಧ್ರ ಬೆಳೆಯುತ್ತವೆ. ಮಳೆಗಾಲದಲ್ಲಿ ಹುತ್ತದ ಬಳಿ ಏಳುವ ಅಣಬೆ ಆ ತೋಟದ್ದೇ. ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಯ ಹುಳುಗಳು ಹೊಸ ಗೂಡು ಕಟ್ಟಲು ಹೊರಟ ಗೆದ್ದಲುಗಳು. ಅಜ್ಜಿಯ ನಂಬಿಕೆಯನ್ನು ಹಂಗಿಸದೆಯೂ ಇಷ್ಟನ್ನೂ ಹೇಳಬಹುದು. ಹುತ್ತವನ್ನು ಸೀಳಿದಂತೆ ತೋರಿಸುವ ಒಂದು ಒಳ್ಳೆಯ ಚಿತ್ರ ಹತ್ತು ಪುಟದ ಕೆಲಸ ಮಾಡುತ್ತದೆ. ಹಾಗಾಗಿ ಚಿತ್ರಕಾರರು ಲೇಖಕರ ಜೊತೆ ಮೊದಲ ದಿನದಿಂದಲೇ ಕೂರಬೇಕು, ಹಸ್ತಪ್ರತಿಯನ್ನು ಕೀಟಶಾಸ್ತ್ರಜ್ಞರೊಬ್ಬರು ನೋಡಬೇಕು. ಆಮೇಲೆ ಮಕ್ಕಳೆದುರು ಗಟ್ಟಿಯಾಗಿ ಓದಬೇಕು. ಅವರು ಆಕಳಿಸಿದ ಸಾಲನ್ನು ಹೊಡೆದುಹಾಕಲು ಹಿಂಜರಿಯಬಾರದು.

ಸಂಶೋಧನೆ ಮಾಡಿದ್ದೆಲ್ಲ ಪುಸ್ತಕಕ್ಕೆ ಬರಬಾರದು, ಆದರೆ ಬರೆಯುವವರಿಗೆ ಗೊತ್ತಿರಬೇಕು. ನಲವತ್ತು ಪುಟದ ಪುಸ್ತಕಕ್ಕೆ ವರ್ಷ ಹಿಡಿದರೂ ಅದು ಹೆಚ್ಚಲ್ಲ.

ಕಾದಿರುವ ವಸ್ತುಗಳು ಬೇಕಷ್ಟಿವೆ. ಬೆಂಗಳೂರಿನ ನಲ್ಲಿಗೆ ಬರುವ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಸಾಗುತ್ತದೆ. ಪಂಪುಗಳು ಮೂರು ಹಂತದಲ್ಲಿ ಅದನ್ನು ಸುಮಾರು 500 ಮೀಟರ್ ಮೇಲೆತ್ತುತ್ತವೆ. ಹಲ್ಲುಜ್ಜುತ್ತಾ ನಲ್ಲಿ ತಿರುಗಿಸುವ ಮಗುವಿಗೆ ಆ ನೀರಿನ ಪ್ರಯಾಣವನ್ನು ಹಂತಹಂತವಾಗಿ, ಚಿತ್ರಸಹಿತ ಹೇಳುವ ಪುಸ್ತಕವನ್ನು ಯಾರಾದರೂ ಬರೆದರೆ, ಮೊದಲ ಪ್ರತಿ ಕೊಳ್ಳಲು ನಾನು ಸಿದ್ಧ.